ಪೌನೆ ಪಾಂಚ್ ವೋಲ್ಟು

ನನ್ನ ಗಂಡನ ಹಿಂದಿಯನ್ನು ಆಡಿಕೊಂಡು ನಕ್ಕಷ್ಟು ನಾನು ಬದುಕಿನಲ್ಲಿ ಇನ್ಯಾವುದಕ್ಕೂ ನಕ್ಕಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ದೆಹಲಿಯ ಸರೋಜಿನಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಒಂದು ಮಂತ್ರಾಲಯದಲ್ಲಿ ಗುಮಾಸ್ತರು. ಕಚೇರಿಯವರು ನಡೆಸುತ್ತಿದ್ದ ಹಿಂದಿ ತರಗತಿಗೆ ತಪ್ಪದೆ ಹೋಗಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿಕೊಂಡವರು. ತರಕಾರಿ ಗಾಡಿಯವನಿಗೆ "ಭಯ್ಯಾ, ಕೃಪಯಾ ಭಿಂಡಿ ದೀಜಿಯೇ" ಎಂದು ಪುಸ್ತಕದ ಹಿಂದಿಯಲ್ಲಿ ಬೆಂಡೆಕಾಯಿ ಕೇಳುತ್ತಿದ್ದರು. ಅವನು ತಕ್ಕಡಿ ಹಿಡಿದುಕೊಂಡೇ ನಗುತ್ತಿದ್ದ. ನಾನು ಯಾವ ತರಗತಿಗೂ ಹೋದವಳಲ್ಲ. ಬಸ್ಸಿನಲ್ಲಿ, ಹಾಲಿನ ಬೂತಿನ ಸಾಲಿನಲ್ಲಿ ಜಗಳವಾಡಿ ಕಲಿತವಳು. ಹಾಗಾಗಿ ನನ್ನದೇ ನಿಜವಾದ ಹಿಂದಿ ಎಂಬ ಜಂಭ ನನಗೆ.

ನಾನು ಇನ್ನೊಂದು ಸರಕಾರಿ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಪಂಚ್ ಆಪರೇಟರ್ ಆಗಿದ್ದೆ. ಪ್ರೋಗ್ರಾಮರುಗಳು ಹಾಳೆಯ ಮೇಲೆ ಬರೆದು ಕೊಟ್ಟದ್ದನ್ನು ನಾವು ಟೈಪು ಮಾಡಬೇಕು, ನಮ್ಮ ಯಂತ್ರ ಅದಕ್ಕೆ ತಕ್ಕಂತೆ ರಟ್ಟಿನ ಕಾರ್ಡುಗಳಲ್ಲಿ ತೂತು ಹಾಕಬೇಕು, ಆ ಕಾರ್ಡಿನ ಕಟ್ಟನ್ನು ಒಂದು ಕಿಟಕಿಯಲ್ಲಿ ಒಳಗೆ ಕೊಡಬೇಕು. ಒಳಗೆ ಕಂಪ್ಯೂಟರು. ಅದಕ್ಕೆ ಏರ್ ಕಂಡೀಷನ್, ನಮಗೆ ಗಡಗಡ ಎನ್ನುವ ಫ್ಯಾನು. ನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಬಾಗಿಲು ದಾಟಲು ನಮಗೆ ಅಪ್ಪಣೆ ಇರಲಿಲ್ಲ. ಆದರೆ ನಾಲ್ಕು ವರ್ಷ ಬೇರೆಯವರು ಬರೆದದ್ದನ್ನು ಟೈಪು ಮಾಡುತ್ತಾ ಕೂತರೆ ತಲೆಗೆ ಏನಾದರೂ ಹತ್ತದೆ ಇರುತ್ತದೆಯೇ? ಹಾಳೆ ನೋಡುತ್ತಲೇ ಇದನ್ನು ಬರೆದವನ ಲೆಕ್ಕ ಸುತ್ತುತ್ತಲೇ ಇರುತ್ತದೆ, ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಹೇಳಿದರೆ ಪ್ರೋಗ್ರಾಮರುಗಳ ಮುಖ ಸಣ್ಣದಾಗುತ್ತಿತ್ತು. ಹೇಳದಿದ್ದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಪಂಚ್ ರೂಮಿನಿಂದ ಒಬ್ಬರನ್ನು ಪ್ರೋಗ್ರಾಮಿಂಗ್ ತರಬೇತಿಗೆ ಕಳಿಸುತ್ತಾರೆಂದು ಸುದ್ದಿ ಬಂತು. ಹೆಸರು ಕಳಿಸಬೇಕಾದವರು ನಮ್ಮ ವಿಭಾಗದ ಸಾಹೇಬರು. ನೇರವಾಗಿ ಹೋಗಿ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಸ್ವಂತ ಪ್ರೋಗ್ರಾಂ ಒಂದನ್ನಾದರೂ ಬರೆದು ಓಡಿಸಿದವರ ಹೆಸರನ್ನು ಮಾತ್ರ ಕಳಿಸುತ್ತೇನೆ ಎಂದರು.

"ಮಷೀನ್ ರೂಮಿನ ಒಳಗೇ ಬಿಡೋದಿಲ್ಲ, ಎಲ್ಲಿ ಓಡಿಸಲಿ ಸಾರ್? ನನ್ನ ಒಲೆ ಮೇಲಾ?" ಎಂದು ಇಂಗ್ಲಿಷಿನಲ್ಲೇ ಕೇಳಿಬಿಟ್ಟೆ.

ಬೈಯುತ್ತಾರೆ ಅಂದುಕೊಂಡೆ. ಅವರು ಮೇಜಿನ ಡ್ರಾಯರ್ ಎಳೆದು ಎರಡು ಚಿಪ್ ತೆಗೆದಿಟ್ಟರು. ವಿದೇಶಕ್ಕೆ ತರಬೇತಿಗೆ ಹೋದಾಗ ತಂದದ್ದಂತೆ. ಒಂದೊಂದೂ ಒಂದು ಪುಟ್ಟ ಕಂಪ್ಯೂಟರಿನ ತಲೆ. ಉಳಿದದ್ದನ್ನು ನಾವೇ ಜೋಡಿಸಿಕೊಳ್ಳಬೇಕು. ಹಳೆಯದಕ್ಕೆ ಮೂರು ಥರದ ವೋಲ್ಟೇಜು ಬೇಕು, ಹೊಸದಕ್ಕೆ ಬರೀ ಐದು ವೋಲ್ಟು ಸಾಕು. ಒಂದನ್ನು ಆರಿಸಿಕೊಳ್ಳಿ, ತಿಂಗಳ ಕೊನೆಗೆ ಪಟ್ಟಿ ಹೋಗುತ್ತದೆ, ಅಷ್ಟರಲ್ಲಿ ಓಡಿಸಿ ತಂದು ತೋರಿಸಿ, ಹೆಸರು ಕಳಿಸುತ್ತೇನೆ ಎಂದರು. ನಾನು ಹೊಸದನ್ನು ಆರಿಸಿದೆ. ಅದರ ವಿವರವಿದ್ದ ಅಚ್ಚಿನ ಹಾಳೆಯ ಸಮೇತ ಕೊಡುವಾಗ ಅವರ ಮುಖ ಕೊಂಚ ಬಾಡಿತು. ಅವರಿಗೂ ಅದೇ ಹೆಚ್ಚು ಪ್ರೀತಿಯದು ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದು ತೋರಿಸಿದರೆ ನಮ್ಮವರು, "ನಾಲ್ಕು ವರ್ಷ ದುಡಿದಿದ್ದಕ್ಕೆ ಕೈಗೆ ಚಿಪ್ಪು ಕೊಟ್ರಾ?" ಎಂದರು. ಅವರು ತಮಾಷೆ ಮಾಡುವುದೇ ಅಪರೂಪ. ನಗು ಬಂದರೂ ನಾನು ನಗಲಿಲ್ಲ.

ಮುಂದಿನ ಮೂರು ಶನಿವಾರ ಮಧ್ಯಾಹ್ನ ಕೆಂಪುಕೋಟೆಯ ಎದುರಿನ ರೇಡಿಯೋ ಬಜಾರಿಗೆ ಅಲೆದೆವು. ಚೀಟಿ ನನ್ನ ಕೈಯಲ್ಲಿ, ಚೀಲ ಅವರ ಕೈಯಲ್ಲಿ. ಮೆಮೊರಿಯ ಚಿಪ್ಪುಗಳು ಹೊಸದು ಸಿಗುತ್ತಿರಲಿಲ್ಲ, ಸಿಕ್ಕರೂ ನಮ್ಮ ಕೈಗೆಟುಕುತ್ತಿರಲಿಲ್ಲ. ಯಾವುದೋ ಕಳಚಿದ ಯಂತ್ರದಿಂದ ಕಿತ್ತವು ಒಂದು ಬುಟ್ಟಿಯಲ್ಲಿದ್ದವು. ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೂ ತಿರುಗಿಸಿ, ಕಾಲು ಮುರಿಯದ ಎರಡನ್ನು ಆರಿಸಿದೆ. ಇನ್ನೂರೈವತ್ತಾರು ಸಂಖ್ಯೆಗಳನ್ನು ಇಟ್ಟುಕೊಳ್ಳುವಷ್ಟು ಜಾಗ. ಹತ್ತು ಸಾಲಿನ ಪ್ರೋಗ್ರಾಮಿಗೆ ಅದು ಬೇಕಾದಷ್ಟಾಯಿತು. ಕೀಲಿಮಣೆ, ಪರದೆ ಇವೆಲ್ಲ ಕನಸಿನ ಮಾತು. ಓಖ್ಲಾದ ಕಾರ್ಖಾನೆಯೊಂದರಲ್ಲಿ ಬಣ್ಣ ಸರಿ ಬಾರದೆ ತೆಗೆದುಹಾಕಿದ್ದ ಸ್ವಿಚ್ಚುಗಳು ಒಂದು ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಸಂಖ್ಯೆಗಳನ್ನು ಒಳಗೆ ಹಾಕಲು ಅವು, ಉತ್ತರ ನೋಡಲು ಎಂಟು ಕೆಂಪು ಪುಟ್ಟ ದೀಪ. ಎಲ್ಲವನ್ನೂ ಕೂರಿಸಲು ನಮ್ಮ ಊಟದ ಮಣೆ.

ಉಳಿದದ್ದು ಐದು ವೋಲ್ಟು ಕೊಡುವ ಸಪ್ಲೈ. ಅಂಗಡಿಯ ಮುದುಕ ಎರಡು ತೋರಿಸಿದ. ಒಂದು ಏನೇ ಆದರೂ ಐದೇ ವೋಲ್ಟು ಕೊಡುವಂಥದ್ದು. ಇನ್ನೊಂದು ಅದರ ಅರ್ಧ ಬೆಲೆಯದು. ಅದಕ್ಕೊಂದು ಸಣ್ಣ ತಿರುಪು; ವೋಲ್ಟು ತೋರಿಸುವ ಮೀಟರು ನೋಡಿಕೊಂಡು ನಾವೇ ತಿರುಗಿಸಿ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬೇಕು. ನಮ್ಮವರು ದುಬಾರಿಯದನ್ನೇ ತೆಗೆದುಕೋ ಎಂದರು. ನನಗೇನು, ಕೈ ಇಲ್ಲವೇ, ಮೀಟರು ಓದಲು ಬರುವುದಿಲ್ಲವೇ? ಅಗ್ಗದ್ದನ್ನೇ ಕಟ್ಟಿಸಿದೆ.

ಮುದುಕ ಪೊಟ್ಟಣ ಕೊಡುತ್ತಾ ಹೇಳಿದ: "ಬೆಹನ್‌ಜೀ, ಪೌನೆ ಪಾಂಚ್ ಸೆ ನೀಚೆ ಮತ್ ಜಾನೇ ದೇನಾ." ಪೌನೆ ಪಾಂಚ್‌ಗಿಂತ ಕೆಳಗೆ ಹೋಗಲು ಬಿಡಬೇಡ ಎಂದು. ಮುಂದೆ ಇನ್ನೂ ಏನೋ ಹೇಳುತ್ತಿದ್ದ. "ಅಚ್ಛಾ ಅಚ್ಛಾ, ಮಾಲೂಮ್ ಹೈ", ಗೊತ್ತು ಬಿಡು ಎಂದು ನಾನು ಹೊರಟೇಬಿಟ್ಟೆ.

ಪೌನೆ ಅಂದರೆ ನನಗೆ ಗೊತ್ತಿಲ್ಲದ್ದೇ? ಪೌನ್ ಕಿಲೋ ಟೊಮೆಟೊ ಅಂದರೆ ಮುಕ್ಕಾಲು ಕಿಲೋ. ಅಂದಮೇಲೆ ಪೌನೆ ಪಾಂಚ್ ಎಂದರೆ ಐದೂ ಮುಕ್ಕಾಲು. ನಾವು ಕನ್ನಡದಲ್ಲಿ ಗಂಟೆ ಹೇಳುವುದೂ ಹಾಗೇ ಅಲ್ಲವೇ, ಐದು ದಾಟಿ ಮೇಲೆ ಮುಕ್ಕಾಲು. ಸಾಹೇಬರು ಕೊಟ್ಟ ಹಾಳೆಯಲ್ಲಿ ಐದು ಎಂದು ಅಚ್ಚಾಗಿತ್ತು. ಓದಿದ್ದೆ. ತಂತಿಯಲ್ಲಿ ಒಂದಿಷ್ಟು ಸೋರಿಹೋಗುತ್ತದೇನೋ, ಅನುಭವಸ್ಥ ಅದಕ್ಕೇ ಮುಂಚೆಯೇ ಹೆಚ್ಚಿಗೆ ಇಡಲು ಹೇಳಿದ್ದಾನೆ ಎಂದು ಸಮಾಧಾನ ಮಾಡಿಕೊಂಡೆ. ನೆಂಟರು ಬಂದಾರೆಂದು ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುವುದಿಲ್ಲವೇ?

ಹಾಳೆಯಲ್ಲಿದ್ದ ಚಿತ್ರ ನೋಡಿ ಎಲ್ಲವನ್ನೂ ತಂತಿಯಿಂದ ಬೆಸೆದು, ಕಡೆಯ ಶನಿವಾರ ಸಂಜೆ ಮೀಟರಿಟ್ಟುಕೊಂಡು ತಿರುಪು ತಿರುಗಿಸಿದೆ. ಮುಳ್ಳು ಐದೂಮುಕ್ಕಾಲು ದಾಟಿ ಆರರ ಹತ್ತಿರ ನಿಂತಿತು. ಪಕ್ಕದಲ್ಲಿ ಕೂತಿದ್ದ ನಮ್ಮವರು, "ಅದು ನಾಲ್ಕೂಮುಕ್ಕಾಲು ಅಲ್ವೇನೇ?" ಎಂದರು.

"ನಿಮ್ಮ ಹಿಂದೀನ ನಿಮ್ಮ ಫೈಲಲ್ಲೇ ಇಟ್ಕೊಳ್ಳಿ. ಇದು ಬಜಾರಿನ ಹಿಂದಿ" ಎಂದೆ. ಅವರು ಮೀಟರನ್ನು ನನ್ನ ಕಡೆಗೆ ಸರಿಸಿದರು.

ಒಂದರಿಂದ ಹತ್ತರವರೆಗೆ ಕೂಡಿಸುವುದು, ಅದೇ ನನ್ನ ಪ್ರೋಗ್ರಾಂ. ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತಾ ಒಂದೊಂದೇ ಸಾಲನ್ನು ಒಳಗೆ ಹಾಕಿದೆ. ಎರಡು ಸಲ ತಪ್ಪಿತು, ಮತ್ತೆ ಮೊದಲಿನಿಂದ ಹಾಕಿದೆ. ಮೂರನೆಯ ಸಲ ಓಡಿಸುವ ಸ್ವಿಚ್ಚು ಒತ್ತಿದಾಗ ಎರಡು ದೀಪ ಆರಿದ್ದವು, ಎರಡು ಹತ್ತಿದ್ದವು, ಒಂದು ಆರಿತ್ತು, ಕೊನೆಯ ಮೂರು ಹತ್ತಿದ್ದವು. ಯಂತ್ರದ ಲೆಕ್ಕದಲ್ಲಿ ಅದು ಐವತ್ತೈದು. ಅಯ್ಯೋ ದೇವರೇ, ಐವತ್ತೈದು! ನಾನು ಹೇಳಿದ್ದನ್ನು ಕೇಳಿ ಒಂದು ಯಂತ್ರ ಉತ್ತರ ಕೊಟ್ಟಿತ್ತು. ಗಂಡನ ತೋಳು ಹಿಡಿದು ಅಲ್ಲಾಡಿಸಿದೆ. ಅವರು ಕಾಗದದ ಮೇಲೆ ಒಂದರಿಂದ ಹತ್ತರವರೆಗೆ ಕೂಡಿ ನೋಡಿ, ಸರಿ ಇದೆ ಎಂದು ಗಂಭೀರವಾಗಿ ತಲೆಯಾಡಿಸಿದರು. ನನಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ಇನ್ನೊಮ್ಮೆ ನೋಡುವ ಆಸೆಯಿಂದ ಹಚ್ಚಿದೆ. ಹಿಂದಿನ ಸಂಜೆ ಇಡೀ ಕಾಲೊನಿಯ ಕೂಲರುಗಳು ಓಡುತ್ತಿದ್ದವು, ಲೈನಿನಲ್ಲಿ ಕರೆಂಟು ಬಡವಾಗಿತ್ತು. ಬೆಳಿಗ್ಗೆ ಎಲ್ಲರ ಕೂಲರೂ ಬಂದ್, ಕರೆಂಟು ಜೋರಾಗಿತ್ತು. ಅದನ್ನು ತಡೆಯುವ ಶಕ್ತಿ ನನ್ನ ಅಗ್ಗದ ಸಪ್ಲೈಗೆ ಇರಲಿಲ್ಲ. ಮೀಟರಿನ ಮುಳ್ಳು ಏಳನ್ನೂ ದಾಟಿತು. ನಾನು ಪ್ಲಗ್ಗು ಕೀಳುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಸಾಹೇಬರ ಚಿಪ್ಪನ್ನು ಮುಟ್ಟಿದರೆ ಬೆರಳು ಚುರ್ ಎಂದಿತು. ಅದು ಮತ್ತೆ ಮಾತಾಡಲಿಲ್ಲ.

ನಮ್ಮವರು ಅರ್ಥವನ್ನು ಬಿಡಿಸಿ ಹೇಳಿದರು, ಒಂದಿಷ್ಟೂ ಗೆದ್ದವರ ದನಿ ಇಲ್ಲದೆ. ಹಿಂದಿಯಲ್ಲಿ ಪೌನೆ ಎಂದರೆ ಕಾಲು ಕಮ್ಮಿ. ಪೌನೆ ಪಾಂಚ್ ಎಂದರೆ ಐದಕ್ಕೆ ಕಾಲು ಕಮ್ಮಿ, ನಾಲ್ಕೂಮುಕ್ಕಾಲು. ಮುದುಕ ಆಮೇಲೆ ಹೇಳಿದ್ದೂ ಅವರ ಕಿವಿಗೆ ಬಿದ್ದಿತ್ತು: ಸವಾ ಪಾಂಚ್, ಅಂದರೆ ಐದೂಕಾಲು, ದಾಟಬಾರದು ಎಂದು.

"ಮತ್ತೆ ಯಾಕೆ ಗಟ್ಟಿಯಾಗಿ ಹೇಳಲಿಲ್ಲ?" ಎಂದು ಅವರ ಮೇಲೆಯೇ ಹಾರಿಬಿದ್ದೆ. ಎಂಥ ಹೆಂಗಸು ನಾನು!

ಅವರು ಚಿಪ್ಪನ್ನು ಮಣೆಯಿಂದ ಬಿಡಿಸಿ ನನ್ನ ಕೈಗಿಡುತ್ತಾ, "ನಾಳೆ ಸಾಹೇಬರಿಗೆ ತಿರುಪು ತಿರುಗಿಸಿದ್ದು ನನ್ನ ಗಂಡ ಅಂತ ಹೇಳು. ಪ್ರೋಗ್ರಾಂ ನಿಂದು, ಓಡಿದ್ದೂ ನಿಜ. ನಿನ್ನ ಹೆಸರಾದ್ರೂ ಹೋಗಲಿ" ಎಂದರು.

ಸೋಮವಾರ ಸತ್ತ ಚಿಪ್ಪನ್ನೂ ಪ್ರೋಗ್ರಾಮಿನ ಹಾಳೆಯನ್ನೂ ಸಾಹೇಬರ ಮುಂದಿಟ್ಟೆ. ಅವರು ಹಾಳೆಯನ್ನು ಸಾಲುಸಾಲಾಗಿ ಬೆರಳಿಟ್ಟು ಓದಿದರು. ಸರಿಯಾಗಿದೆ, ಇದು ಓಡಿರಲೇಬೇಕು ಎಂದರು. ಆಮೇಲೆ ಚಿಪ್ಪನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, "ಪತಿದೇವ್ ನೇ ಹಾಥ್ ಲಗಾಯಾ ಹೋಗಾ?" ಎಂದು ಅವರೇ ಕೇಳಿದರು. ಗಂಡ ಕೈ ಹಾಕಿರಬೇಕಲ್ಲ ಎಂದು. ತರಬೇತಿಯ ಪಟ್ಟಿ ಮೇಜಿನ ಮೇಲೇ ಇತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಹೂಂ ಎಂದಿದ್ದರೆ ಸಾಕಿತ್ತು.

"ಇಲ್ಲ ಸಾರ್, ನಾನೇ ತಿರುಗಿಸಿದೆ. ಅವರು ಬೇಡ ಅಂದ್ರು, ನಾನು ಅವರ ಬಾಯಿ ಮುಚ್ಚಿಸಿದೆ" ಎಂದೆ. ಪೌನೆ ಪಾಂಚಿನ ಕಥೆಯನ್ನೂ ಹೇಳಿದೆ.

ಅವರು ನಗಲಿಲ್ಲ. "ಚಿಪ್ಪಿನ ಜೊತೆ ಕೊಟ್ಟ ಹಾಳೆಯಲ್ಲಿ ಐದು ಅಂತ ಬರೆದಿತ್ತು, ಓದಿದ್ದಿರಾ?" ಎಂದರು. ಓದಿದ್ದೆ ಎಂದೆ. ಕಣ್ಣಿಂದ ಓದಿದ್ದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ನಂಬುವವರನ್ನು ಈ ವರ್ಷ ಕಳಿಸಲಾರೆ ಎಂದು ಪೆನ್ನಿನ ಮುಚ್ಚಳ ಹಾಕಿದರು. ಮರುವರ್ಷ ಕಳಿಸಿದರು, ಅದು ಬೇರೆ ಮಾತು. ಅಂದು ಮಾತ್ರ ಪಂಚ್ ರೂಮಿಗೆ ಹೇಗೆ ವಾಪಸು ಬಂದೆನೋ ನನಗೆ ತಿಳಿಯದು.

ಸಂಜೆ ನಮ್ಮವರು ಬಸ್ ಸ್ಟಾಪಿಗೇ ಬಂದು ಕಾಯುತ್ತಿದ್ದರು. ಹೆಸರು ಹೋಯಿತೇ ಎಂದು ಕೇಳಿದರು. ಇಲ್ಲ ಎಂದೆ.

"ತಿರುಗಿಸಿದ್ದು ನನ್ನ ಗಂಡ ಅಂತ ಹೇಳಲಿಲ್ವಾ?"

"ಹೇಳಲಿಲ್ಲ."

ಅವರ ಮುಖ ಕೆಂಪಾಯಿತು. "ಹೇಳಬೇಕಿತ್ತು ಕಣೇ! ಬೈಸಿಕೊಳ್ಳೋಕೆ ನಾನಿದ್ದೆ. ನಾಲ್ಕು ವರ್ಷ ಕಾದಿದ್ದೀಯ, ನಿನಗೆ ಬುದ್ಧಿ ಇದೆಯಾ?" ಎಂದು ಕೂಗಿಬಿಟ್ಟರು. ಮದುವೆಯಾದಂದಿನಿಂದ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಬಸ್ಸಿಗೆ ನಿಂತ ಜನ ತಿರುಗಿ ನೋಡಿದರು. ಮನೆ ಮುಟ್ಟುವ ತನಕ ಬೈಯುತ್ತಲೇ ಇದ್ದರು, ಅಚ್ಚ ಕನ್ನಡದಲ್ಲಿ. ನಾನು ಅವರ ಪಕ್ಕದಲ್ಲಿ ನಡೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ, ಒಂದಕ್ಕೂ ಎದುರಾಡಲಿಲ್ಲ.