ಫಿಂಟಾಸ್ ಹುಡುಗಿ ನೋಡಿದ ಕುದುರೆ ಓಟ

ನನ್ನ ಮಗಳು ಇಟಲಿಯಲ್ಲಿ ಕುದುರೆ ಓಟ ನೋಡಿ ಕುಣಿದ ದಿನ, ಕುವೈತಿನಲ್ಲಿ ಕೂತು ನಾನೂ ಚಪ್ಪಾಳೆ ಹೊಡೆದೆ. ಅವಳು ಹುಟ್ಟಿ ಬೆಳೆದ ಮನೆಗೆ ಬರುವ ದಾರಿ ಅಷ್ಟರಲ್ಲಾಗಲೇ ಮುಚ್ಚಿಹೋಗಿತ್ತು. ಮುಚ್ಚಿದವನು ನಾನೇ.

ನನ್ನ ಕೆಲಸ ಏನೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ನೌಕರರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನೋಡಿಕೊಳ್ಳುವ ಗುಮಾಸ್ತ. ನೌಕರರಾಗಲಿ, ಅವರ ಹೆಂಡತಿ ಮಕ್ಕಳಾಗಲಿ, ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಇಕಾಮಾ ಖಲಾಸ್. ರಜೆಗೆ ಹೋದವರು ಮದುವೆ, ಮುಂಜಿ, ಜ್ವರ ಅಂತ ಊರಲ್ಲೇ ಉಳಿದರೆ ಫೋನಿನಲ್ಲಿ ಬೈದು ಕರೆಸಿಕೊಳ್ಳುವವನು ನಾನು. "ಭಾಯಿ, ಇನ್ನ ನಾಕ ದಿನ. ಯಲ್ಲಾ, ಟಿಕೆಟ್ ತಗೋ!" ಇಪ್ಪತ್ತಾರು ವರ್ಷದಲ್ಲಿ ಒಬ್ಬರದೂ ತಪ್ಪಿರಲಿಲ್ಲ. (ಜಂಬ ಅನ್ನಿ. ಇತ್ತು.)

ಈ ಆಗಸ್ಟಿಗೆ ನನ್ನ ನೌಕರಿ ಮುಗಿಯುತ್ತದೆ. ತಿಂಗಳ ಕೊನೆಗೆ ಫಿಂಟಾಸ್ ಬಡಾವಣೆಯ ನಮ್ಮ ಫ್ಲಾಟ್ ಖಾಲಿ ಮಾಡಿ ಧಾರವಾಡಕ್ಕೆ ಹೊರಡಬೇಕು. ಇಟಲಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ಮಗಳು ಪಲ್ಲವಿ ಕೇಳಿದ್ದು ಒಂದೇ. "ಅಪ್ಪಾ, ಲಾಸ್ಟ್ ಟೈಮ್ ಒಂದ್ ವಾರ ನಮ್ಮನ್ಯಾಗ ಇದ್ದು ಹೋಗ್ತೀನಿ."

ಹೆಂಡತಿ ಗಿರಿಜಾ ಇಡೀ ಮನೆಯ ಸಾಮಾನು ಕಟ್ಟಿದಳು. ಪಲ್ಲವಿಯ ಕಪಾಟು ಮಾತ್ರ ಮುಟ್ಟಲಿಲ್ಲ. "ಅಕಿ ಬಂದ ಮ್ಯಾಲ ಅಕಿನ ಆರಸ್ಲಿ" ಅಂದಳು.

ಅಷ್ಟರಲ್ಲಿ ಮಗಳ ಫೋನ್. "ಅಪ್ಪಾ, ಇಲ್ಲಿಂದ ಬಸ್ಸಿನ್ಯಾಗ ಟೂ ಅವರ್ಸ್ ಹೋದ್ರ ಒಂದು ಊರು. ಊರ ನಡುವಿನ ಚೌಕದಾಗ ಹಾರ್ಸ್ ರೇಸ್ ಮಾಡ್ತಾರಂತ, ದೊಡ್ಡ ಹಬ್ಬ. ಫ್ರೆಂಡ್ಸ್ ಎಲ್ಲಾ ಹೊಂಟಾರ. ಆದ್ರ ನನ್ನ ಟಿಕೆಟ್ ಅದಕ್ಕಿಂತ ಮೊದ್ಲ ಅದ. ಏನ್ ಮಾಡ್ಲಿ?"

ಡೈರಿ ತೆಗೆದೆ, ಫೆಬ್ರವರಿಯಲ್ಲಿ ಅವಳು ಹೊರಟ ತಾರೀಕಿನಿಂದ ಎಣಿಸಿದೆ. "ರೇಸ್ ಮುಗದ ಮ್ಯಾಲೂ ಇಕಾಮಾಕ್ಕ ಐದು ದಿನ ಉಳೀತಾವ. ಟಿಕೆಟ್ ಮುಂದ ಹಾಕು. ಕುದುರಿ ನೋಡ್ಕೊಂಡು ಬಾ."

"ಖರೇನ ಐದು ದಿನ ಅದಾವೇನ್ರೀ?" ಗಿರಿಜಾ ಕೇಳಿದಳು.

"ನನಗ ಕೇಳ್ತಿಯೇನು?" ಅಂತ ಗದರಿದೆ. ಅವಳು ಮತ್ತೆ ಡಬ್ಬಿ ಕಟ್ಟಲು ಹೋದಳು.

ಆ ದಿನದ ಸಂಭ್ರಮ ಏನು ಹೇಳಲಿ! ಅವಳು ಬಿಸಿಲಿನಲ್ಲಿ ಚೌಕದ ನಡುವೆ ಗಂಟೆಗಟ್ಟಲೆ ನಿಂತಿದ್ದಳು. ಕಲ್ಲುಹಾಸಿನ ಮೇಲೆ ಮಣ್ಣು ಹಾಕಿ ಓಟದ ದಾರಿ ಮಾಡಿದ್ದರು. ಒಂದೊಂದು ಓಣಿಗೆ ಒಂದೊಂದು ಕುದುರೆ, ಒಂದೊಂದು ಬಣ್ಣ. ಓಟಕ್ಕೆ ಮುಂಚೆ ಕುದುರೆಯನ್ನು ಚರ್ಚಿನೊಳಗೆ ಕರೆದೊಯ್ದು ಆಶೀರ್ವಾದ ಮಾಡಿಸುತ್ತಾರಂತೆ. ವಿಡಿಯೋ ಕಾಲಿನಲ್ಲಿ ಮಗಳ ಮುಖ ಕೆಂಪಗೆ ಸುಟ್ಟಿತ್ತು, ಕೊರಳಲ್ಲಿ ಹಳದಿ ರುಮಾಲು.

"ಇದ್ಯಾರ್ದs?" ಅಂದಳು ಗಿರಿಜಾ.

"ಬಾಜೂಕ ನಿಂತ ಅಜ್ಜೀದು! ಈ ಊರಾಗ ಯಾವ ಓಣ್ಯಾಗ ಹುಟ್ತಾರೋ ಸಾಯೂತನಕ ಆ ಓಣಿಯವರಂತ. ನಿಂದು ಯಾವ್ದು ಅಂತ ಅಜ್ಜಿ ಕೇಳಿದ್ಲು. ನಾ ಫಿಂಟಾಸ್ ಅಂದೆ. ಫಿಂಟಾಸ್, ಫಿಂಟಾಸ್ ಅಂತ ಒದರಿ, ಇವತ್ತ ನೀ ನಮ್ಮಾಕಿ ಅಂತ ರುಮಾಲ್ ಕಟ್ಟಿದ್ಲು!"

ಓಟ ಮುಗಿದದ್ದು ಕಣ್ಣು ಪಿಳುಕಿಸುವಷ್ಟರಲ್ಲಿ. ತಿರುವಿನಲ್ಲಿ ಒಂದು ಕುದುರೆಯ ಸವಾರ ಬಿದ್ದ. ಬರೀ ಕುದುರೆ ಓಡಿಬಂದು ಗೆದ್ದಿತು. "ಸವಾರ ಬಿದ್ರೂ ನಡೀತದಂತ ಅಪ್ಪಾ, ಕುದುರಿ ಬಂದ್ರ ಸಾಕಂತ!" ಮಗಳು ಕುಣಿಯುತ್ತಿದ್ದಳು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. "ಪಾಪ, ಬಿದ್ದಾಂವಗ ಏನಾತು ಕೇಳs" ಅಂದಳು ಗಿರಿಜಾ. ಎಲ್ಲರೂ ನಕ್ಕೆವು.

ಎರಡು ದಿನದ ನಂತರ ರೋಮಿನ ಏರ್‌ಪೋರ್ಟಿನಿಂದ ಫೋನ್. ಚೆಕ್-ಇನ್ ಕೌಂಟರಿನವರು ಬೋರ್ಡಿಂಗ್ ಪಾಸ್ ಕೊಡುತ್ತಿಲ್ಲ.

"ಅಪ್ಪಾ, ರೆಸಿಡೆನ್ಸಿ ಕ್ಯಾನ್ಸಲ್ ಆಗ್ಯದ ಅಂತಾರ."

"ಅವರಿಗೇನ್ ಗೊತ್ತು ಮಣ್ಣು! ಮ್ಯಾನೇಜರ್ ಕೈಯಾಗ ಫೋನ್ ಕೊಡು!"

ಕೂಗಾಡಿದೆ. ಆಮೇಲೆ, "ನಿನ್ನ ಪಾಸ್‌ಪೋರ್ಟಿನ ಎಕ್ಸಿಟ್ ಸ್ಟಾಂಪ್ ಫೋಟೋ ಕಳಿಸು" ಅಂದೆ. ನೋಡಿದೆ. ಡೈರಿಯ ಪಕ್ಕ ಹಿಡಿದು ಮತ್ತೆ ಎಣಿಸಿದೆ.

ಫೆಬ್ರವರಿಯಲ್ಲಿ ಕ್ಲಾಸು ಬೇಗ ಶುರುವಾಗುತ್ತದೆಂದು ಟಿಕೆಟ್ ಬದಲಿಸಿ ಎಂಟು ದಿನ ಮೊದಲೇ ಹೋಗಿದ್ದಳು. ಏರ್‌ಪೋರ್ಟಿಗೆ ಬಿಟ್ಟುಬಂದವನೂ ನಾನೇ. ಡೈರಿಯಲ್ಲಿ ಮಾತ್ರ ಹಳೆಯ ಟಿಕೆಟ್ಟಿನ ತಾರೀಕು ಹಾಗೇ ಕೂತಿತ್ತು. ರೇಸಿಗೆ ಮುಂಚಿನ ಆ ಟಿಕೆಟ್ಟಿಗೇ ಕುವೈತಿಗೆ ಬಂದಿದ್ದರೆ ಒಂದು ದಿನ ಉಳಿದಿರುತ್ತಿತ್ತು! ಯಾವ ಡ್ರೈವರ್, ಯಾವ ವೆಲ್ಡರ್ ಬಾಯಿಮಾತಲ್ಲಿ ತಾರೀಕು ಹೇಳಿದರೂ ನಾನು ನಂಬಿದವನಲ್ಲ. ಸ್ಟಾಂಪ್ ತೋರಿಸು ಅನ್ನುತ್ತಿದ್ದೆ. ಸ್ವಂತ ಮಗಳ ವಿಷಯಕ್ಕೆ ಸ್ಟಾಂಪ್ ಯಾಕೆ ಅಂದುಕೊಂಡೆನಲ್ಲ, ಈ ತಲೆಗೆ ಏನಾಗಿತ್ತು?

ಮರುದಿನ ನಮ್ಮ ಆಫೀಸಿನ ಅಬು ಹಸನ್ ಹತ್ತಿರ ಓಡಿದೆ. ಈಜಿಪ್ಟಿನವನು, ಸರ್ಕಾರಿ ಕಚೇರಿಗಳಿಗೆ ಅಲೆಯುವುದೇ ಅವನ ಕೆಲಸ. ಎಲ್ಲ ಕಡೆ ಹೋಗಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಖಲಾಸ್, ಭಾಯಿ. ವಿಸಿಟ್ ವೀಸಾಕ್ಕೆ ಹಾಕಬೇಕು. ಅದು ಬರುವಷ್ಟರಲ್ಲಿ ನೀನೇ ಇಲ್ಲಿರೋದಿಲ್ಲ."

"ಇಲ್ಲೇ ಹುಟ್ಟಿದವಳು" ಅಂದೆ. ನೌಕರಿ ಹೋಗಿ ಮಕ್ಕಳ ಇಕಾಮಾ ರದ್ದಾದಾಗ ಎಷ್ಟೋ ಮಂದಿ ನನ್ನ ಮೇಜಿನ ಮುಂದೆ ನಿಂತು ಇದೇ ಮಾತು ಹೇಳಿದ್ದರು. ರೂಲ್ ಅಂದರೆ ರೂಲ್ ಅಂತ ನಾನೇ ಉತ್ತರ ಕೊಟ್ಟು ಕಳಿಸಿದ್ದೆ. ಅಬು ಹಸನ್ ನನಗೆ ಚಹಾ ತರಿಸಿದ.

ಪಲ್ಲವಿಗೆ ಫೋನ್ ಮಾಡಿ ಹೇಳಿದೆ. "ಹೋಗ್ಲಿ ಬಿಡಪ್ಪಾ. ರೇಸ್ ಅಂತೂ ನೋಡಿದ್ನಲ್ಲ" ಅಂದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಗಿರಿಜಾ ಬೈದಳು, ಅತ್ತಳು. "ನೀವು ಎಣಿಸೀರಿ ಅಂತ ನಾ ಬಾಯಿ ಮುಚ್ಕೊಂಡಿದ್ದೆ" ಅಂದಳು.

ನಿನ್ನೆ ಕಪಾಟು ಖಾಲಿ ಮಾಡಿದೆವು. ಗಿರಿಜಾ ಒಂದೊಂದೇ ಸಾಮಾನು ಎತ್ತಿ ಫೋನಿನ ಮುಂದೆ ಹಿಡಿದಳು. ಅತ್ತಲಿಂದ ಪಲ್ಲವಿ "ಕೀಪ್" ಅಂದರೆ ಡಬ್ಬಿಗೆ. "ಥ್ರೋ" ಅಂದರೆ ಕಪ್ಪು ಚೀಲಕ್ಕೆ. ಸ್ಕೂಲಿನ ಬೆಲ್ಟು, ಥ್ರೋ. ಕಿವಿ ಹರಿದ ಆನೆ ಬೊಂಬೆ... "ಥ್ರೋ" ಅಂದಳು. ಗಿರಿಜಾ ಕೇಳಿಸದವಳ ಹಾಗೆ ಅದನ್ನು ಡಬ್ಬಿಗೇ ಹಾಕಿದಳು.

"ಅಪ್ಪಾ, ಒಂದ್ಸಲ ನನ್ನ ಕಿಟಕಿ ತೋರ್ಸು."

ಎರಡು ಕಟ್ಟಡಗಳ ನಡುವೆ ಬೆರಳಗಲ ಸಮುದ್ರ ಕಾಣುವ ಕಿಟಕಿ. ಫೋನ್ ಹಿಡಿದು ನಿಂತೆ. ಅತ್ತ ಕಡೆ ಅವಳ ಕೊರಳಲ್ಲಿ ಇನ್ನೂ ಆ ಹಳದಿ ರುಮಾಲು ಇತ್ತು.

"ಸ್ಟೆಡಿ ಹಿಡಿ ಅಪ್ಪಾ" ಅಂದಳು. ಅಳುತ್ತಿದ್ದಳು. ಆಮೇಲೆ ಕೇಳಿದಳು: "ಮುಂದ ಯಾವಾಗರ ನಾ ಕುವೈತಿಗೆ ಬಂದ್ರ, ವಿಸಿಟ್ ವೀಸಾ ಫಾರ್ಮಿನ್ಯಾಗ ಯಾರ ಮನಿಗೆ ಅಂತ ಬರೀಲಿ?"

ಇಪ್ಪತ್ತಾರು ವರ್ಷ ಊರವರ ಫಾರ್ಮೆಲ್ಲ ತುಂಬಿದವನು ನಾನು. ಆ ಒಂದು ಸಾಲಿನಲ್ಲಿ ಏನು ಬರೆಯಬೇಕು, ನಿಮಗಾದರೂ ಗೊತ್ತೇ?