ಏರು ಹತ್ತಿದವಳಿಗೆ ಒಂದು ಸೀಟು

ಬೀದರಿನಲ್ಲಿ ಹುಟ್ಟಿ ಸಾಗರದಲ್ಲಿ ಮುದುಕಿಯಾದ ನನಗೆ ಈ ಕಡೆಯ ಬಸ್ಸಿನವರ ಒಂದು ಅಭ್ಯಾಸ ಬಲು ಇಷ್ಟ. ರಸ್ತೆಯಲ್ಲಿ ನಡೆಯುವವರು ಕಂಡರೆ, ಕೈ ತೋರಿಸದಿದ್ದರೂ ನಿಲ್ಲಿಸುತ್ತಾರೆ. ಒಂದು ಬೆಳಿಗ್ಗೆ ನಾನಿದ್ದ ಬಸ್ಸು ಕೋಣಂದೂರು ದಾಟಿತ್ತು; ಮುಂದಿನ ಏರಿನಲ್ಲಿ ಒಬ್ಬ ವಿದೇಶಿ ಹೆಂಗಸು ಕಾಲಿಗೆ ಚಕ್ರವಿರುವ ಉದ್ದ ಪಟ್ಟಿ ಕಟ್ಟಿಕೊಂಡು, ಎರಡು ಕೋಲು ಊರುತ್ತಾ ಹೋಗುತ್ತಿದ್ದಳು. ಬಸ್ಸು ಅವಳಿಗೆ ಅಡ್ಡವಾಗಿ ನಿಂತಿತು.

"ಹತ್ತಿ ಅಮ್ಮಾ, ಸೀಟಿದೆ," ಎಂದ ಕಂಡಕ್ಟರ್. ಅವಳಿಗೆ ಅಳುವೇ ಬಂತು. ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆಂದು ನನ್ನನ್ನು ಕೆಳಗಿಳಿಸಿದರು.

ಅವಳು ಉಕ್ರೇನಿನವಳು, ಹಿಮದ ಮೇಲೆ ಸ್ಕೀ ಓಟ ಓಡುವವಳು. ಹಲವು ದೇಶಗಳಲ್ಲಿ ಸ್ಪರ್ಧಿಸಿದ್ದಾಳೆ. ಇಲ್ಲಿಗೆ ಗೆಳತಿಯ ಮನೆಗೆ ಬಂದಿದ್ದರೂ ಅಭ್ಯಾಸ ಬಿಡುವಂತಿಲ್ಲ; ಹಿಮವಿಲ್ಲದ ಕಡೆ ಈ ಚಕ್ರದ ಪಟ್ಟಿಗಳೇ ಅವಳ ಸ್ಕೀ. ಮುಂದಿನ ತಿಂಗಳು ತಂಡದ ಆಯ್ಕೆ. ಈ ಸಲ ತಪ್ಪಿದರೆ, ಅವಳ ವಯಸ್ಸಿಗೆ, ಮತ್ತೆ ಹೊರದೇಶದ ಸ್ಪರ್ಧೆಯಿಲ್ಲ.

"ನಿಲ್ಲದೆ ಏರು ಹತ್ತಬೇಕು. ಬಂದ ಬಸ್ಸೆಲ್ಲ ಅಡ್ಡ ನಿಂತು ನನ್ನನ್ನು ನಿಲ್ಲಿಸುತ್ತಿವೆ," ಎಂದಳು.

ಕಂಡಕ್ಟರಿಗೆ ತಿಳಿಸಿದೆ. "ಹಂಗಾದ್ರೆ ಹೋಗ್ಲಿ. ಹಿಂದಿಂದ ಲಾರಿ ಬರ್ತಾವೆ, ನಾವೇ ಕಾಯ್ಕಂಡು ಹೋಗಾಣ," ಎಂದ.

"ನಂಗೆ ಕೋರ್ಟಿಗೆ ಹೊತ್ತಾಯ್ತು ಮಾರಾಯಾ," ಎಂದರು ಹಿಂದಿನ ಸೀಟಿನವರೊಬ್ಬರು.

"ನಿಮ್ಮ ಕೇಸು ನಿಮ್ಮ ಅಪ್ಪನ ಕಾಲದ್ದು. ಕೂತ್ಕಳಿ," ಎಂದ ಕಂಡಕ್ಟರ್.

ಬಸ್ಸು ಮೆಲ್ಲಗೆ ಅವಳ ಹಿಂದೆ ಸಾಗಿತು. ಅಲ್ಲಿಂದ ಒಮ್ಮೆಯೂ ನಿಲ್ಲದೆ ಅವಳು ಮೇಲೆ ಮುಟ್ಟಿದಾಗ ಮೊದಲು ಚಪ್ಪಾಳೆ ತಟ್ಟಿದವರು ಕೋರ್ಟಿನವರೇ.

ಅವಳು ಮುಂದಿನ ಇಳಿಜಾರನ್ನು ನೋಡಿದಳು. ಆ ಚಕ್ರಗಳಿಗೆ ಬ್ರೇಕ್ ಇಲ್ಲವಂತೆ. ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ನಗುತ್ತಾ ಬಸ್ಸು ಹತ್ತಿ ನನ್ನ ಪಕ್ಕ ಕೂತಳು. ಕಂಡಕ್ಟರನ ಮುಖ ನೋಡಿದರೆ ಆ ದಿನದ ಓಟ ಗೆದ್ದವನು ಅವನೇ ಎನ್ನಬೇಕು.