ಎಂಟನೆಯ ರೀಲು

ನನ್ನ ಮದುವೆ ಒಂದು ಸಿನಿಮಾದ ಎಂಟನೆಯ ರೀಲಿನ ಮೇಲೆ ನಿಂತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಆಗಿನವರು ನಂಬುತ್ತಿದ್ದರು. ಅವರಲ್ಲಿ ಕೆಲವರ ಮದುವೆ ಇದಕ್ಕಿಂತ ಹಗುರವಾದ ಸಂಗತಿಗಳ ಮೇಲೆ ನಿಂತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಅಫಜಲಪುರದಲ್ಲಿ ಹೈಸ್ಕೂಲ್ ಮಾಸ್ತರನಾಗಿ ಎರಡು ವರ್ಷವಾಗಿತ್ತು. ಊರ ಹೊರಗೆ, ಸಂತೆ ಕೂಡುವ ಬಯಲಿನ ಪಕ್ಕದಲ್ಲಿ, ಬೇಸಿಗೆ ಬಂತೆಂದರೆ ತಂಬು ಟಾಕೀಸು ಬೀಡು ಬಿಡುತ್ತಿತ್ತು. ಆ ವರ್ಷ ಅಲ್ಲಿಗೆ ಒಂದು ಸಂಸಾರದ ಸಿನಿಮಾ ಬಂತು. ತುಂಬಿದ ಮನೆ, ಒಬ್ಬ ಅತ್ತೆ, ಇಬ್ಬರು ಸೊಸೆಯಂದಿರು, ಒಂದು ಕೀಲಿಕೈ ಗೊಂಚಲು. ಇಷ್ಟಿದ್ದರೆ ಆಗ ಸಿನಿಮಾ ಆಗುತ್ತಿತ್ತು. ಮೊದಲ ಅರ್ಧದಲ್ಲಿ ಅತ್ತೆ ಎಲ್ಲರ ಎದುರಿಗೆ ಸೊಂಟದ ಗೊಂಚಲು ಬಿಚ್ಚಿ ಕಿರಿಯ ಸೊಸೆಗೆ ಕೊಡುತ್ತಾಳೆ. ತಂಬಿನಲ್ಲಿ ಹೆಂಗಸರು ಕೂಡುವ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು ಬಂತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಗೊಂಚಲು ಮತ್ತೆ ಅತ್ತೆಯ ಸೊಂಟದಲ್ಲಿದೆ. ಹೇಗೆ ಹೋಯಿತು, ಯಾರೂ ಹೇಳುವುದಿಲ್ಲ. ಅತ್ತೆ ಸೊಸೆ ಇಬ್ಬರೂ ಏನೂ ಆಗದವರಂತೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಾರೆ.

ಸಿನಿಮಾ ಮೂರು ವಾರ ನಡೆಯಿತು. ಅದರ ವಿಚಾರಣೆ ಎಷ್ಟು ದಿನ ನಡೆಯಿತು ಎಂಬ ಲೆಕ್ಕ ಯಾರೂ ಇಟ್ಟಿಲ್ಲ.

ನಮ್ಮವ್ವನ ತೀರ್ಪು ಮೊದಲನೆಯ ದಿನವೇ ಬಂತು: ಸೊಸೆಯೇ ತಿರುಗಿ ಕೊಟ್ಟಳು. "ಹಿರ್ಯಾರು ನೀವಿರೂತನಕ ಇದು ನನಗ ಬ್ಯಾಡ್ರಿ ಅಂತ ಕಾಲಿಗೆ ಬಿದ್ದು ಕೊಟ್ಟಿರ್ತಾಳ. ಅದನ್ನೆಲ್ಲಾ ತೋರ್ಸಬೇಕೇನು? ನೋಡವರು ತಿಳ್ಕೊಬೇಕು."

ಅದೇ ಮನೆಯಲ್ಲಿದ್ದ ನಮ್ಮ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ, ಇದನ್ನು ಒಪ್ಪಲಿಲ್ಲ. ಸಿನಿಮಾದ ಮನೆಯಲ್ಲಿ ಎರಡು ಗೊಂಚಲು ಇದ್ದವು, ಸೊಸೆಗೆ ಕೊಟ್ಟದ್ದು ಬರೀ ತೋರಿಕೆಯದು ಎಂಬುದು ಅವಳ ವಾದ. "ಅಸಲಿ ಗೊಂಚಲ ಯಾರ ಕೊಡ್ತಾರ್ ಬಿಡ್ರಿ ಅಕ್ಕಾ," ಎಂದು ಗೋಡೆಯ ಕಡೆ ನೋಡುತ್ತ ಹೇಳುತ್ತಿದ್ದಳು. ನಮ್ಮ ಮನೆಯ ಗೊಂಚಲು ನಮ್ಮವ್ವನ ಸೊಂಟದಲ್ಲಿತ್ತು ಎಂಬುದನ್ನು ಇಲ್ಲಿ ತಿಳಿಸುವುದು ನನ್ನ ಕರ್ತವ್ಯ.

ನಿವೃತ್ತರಾಗಿದ್ದ ಹೆಡ್‌ಮಾಸ್ತರರೊಬ್ಬರು ಇನ್ನೂ ಆಳಕ್ಕೆ ಇಳಿದರು. ಮೊದಲರ್ಧದ ಅತ್ತೆಗೆ ಕೆಮ್ಮು ಇತ್ತು, ಆಮೇಲಿನ ಅತ್ತೆಗೆ ಇರಲಿಲ್ಲ. ಆದ್ದರಿಂದ ಇವರು ಅವಳಿ ಅಕ್ಕತಂಗಿಯರು, ನಡುವೆ ಅದಲುಬದಲು ಆಗಿದೆ. ಈ ವಾದವನ್ನು ಅವರು ಚಹಾದಂಗಡಿಯಲ್ಲಿ ಎಷ್ಟು ಗಂಭೀರವಾಗಿ ಮಂಡಿಸಿದರೆಂದರೆ ಕೇಳಿದವರು ತಮ್ಮ ತಮ್ಮ ಅತ್ತೆಯರ ಕೆಮ್ಮನ್ನು ಗಮನಿಸತೊಡಗಿದರು.

ನಾನು ಆಗ ಇದನ್ನು ಬಹಳ ಯೋಚಿಸಿದ್ದೇನೆ. ಅದೇ ತಂಬಿಗೆ ದೇವರ ಸಿನಿಮಾ ಬರುತ್ತಿದ್ದವು. ದೇವರು ಕಂಬದ ಹಿಂದೆ ಹೋಗಿ ಮಾಯವಾದರೆ ಯಾಕೆ ಮಾಯವಾದ ಎಂದು ಯಾರೂ ಕೇಳುತ್ತಿರಲಿಲ್ಲ. ಹೊಡೆದಾಟದ ಸಿನಿಮಾ ಬರುತ್ತಿದ್ದವು. ಒಬ್ಬ ಹತ್ತು ಜನರನ್ನು ಕೆಡವಿದರೆ ಅದಕ್ಕೂ ತಕರಾರಿಲ್ಲ. ಆದರೆ ಒಂದು ಗೊಂಚಲು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಹೋದರೆ ಇಡೀ ಊರಿಗೆ ನಿದ್ದೆ ಇಲ್ಲ. ದೇವರನ್ನು ಕಂಡವರು ಕಡಿಮೆ. ಅತ್ತೆಯನ್ನು ಕಾಣದವರು ಯಾರಿದ್ದಾರೆ? ಈ ವಿಷಯದಲ್ಲಿ ಪ್ರತಿ ಮನೆಯಲ್ಲೂ ಇಬ್ಬರಾದರೂ ಪಂಡಿತರು. ಮೇಲಾಗಿ ತನ್ನ ಮನೆಯ ಮಾತನ್ನು ನಾಲ್ಕು ಜನರ ಎದುರು ಆಡಲಿಕ್ಕೆ ಬರುವುದಿಲ್ಲ, ಸಿನಿಮಾದ ಮನೆಯ ಮಾತು ಎಷ್ಟಾದರೂ ಆಡಬಹುದು. ಕಾಕಿ ಎರಡು ಗೊಂಚಲು ಎಂದಾಗ ಅವಳು ಆ ಪರದೆಯ ಮನೆಯೊಳಗೆ ನಿಂತು ಮಾತಾಡುತ್ತಿರಲಿಲ್ಲ ಎಂಬುದು ಅವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಸಿನಿಮಾದ ಬಗ್ಗೆಯೇ ಜಗಳಾಡಿದರು, ಮತ್ತು ಸಂಜೆ ಕೂಡಿಯೇ ರೊಟ್ಟಿ ಬಡಿದರು. ಇದಕ್ಕಿಂತ ದೊಡ್ಡ ಉಪಕಾರವನ್ನು ಸಿನಿಮಾ ಮಾಡಿದ್ದು ನಾನು ಕಂಡಿಲ್ಲ.

ಆದರೆ ಅವ್ವ ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ಬೇಸಿಗೆ ನನಗೆ ಕನ್ಯಾ ನೋಡುವುದು ನಡೆದಿತ್ತು. ಬರುವ ಸೊಸೆ ಮನೆ ಒಡೆಯುವವಳೋ ಅಲ್ಲವೋ ಎಂಬುದೇ ಅವ್ವನ ಚಿಂತೆ. ಆದರೆ ಹುಡುಗಿಯ ಎದುರು ಕೂತು, ನೀನು ಒಲೆ ಬೇರೆ ಮಾಡುತ್ತೀಯೇನು ಎಂದು ಕೇಳಲಾಗುವುದಿಲ್ಲ. ಹಾಗಾಗಿ ಅವಳು ಸಿನಿಮಾದ ಪ್ರಶ್ನೆ ಕೇಳತೊಡಗಿದಳು. ಮೊದಲ ನಾಲ್ಕು ಹುಡುಗಿಯರು ನಮ್ಮ ತಾಲೂಕಿನವರೇ, ಅದೇ ತಂಬಿನಲ್ಲಿ ಅದೇ ಸಿನಿಮಾ ನೋಡಿದವರು. ನಾಲ್ವರೂ ತಲೆ ಬಗ್ಗಿಸಿ, "ಆಕಿನೇ ತಿರುಗಿ ಕೊಟ್ಲ್ರಿ," ಎಂದರು. ನಾಲ್ವರೂ ಪಾಸು. ಆಮೇಲೆ ಆ ಸಂಬಂಧಗಳು ಬೇರೆ ಕಾರಣಗಳಿಗೆ ಕೂಡಿಬರಲಿಲ್ಲ. ನನಗೆ ದುಃಖವಾಯಿತೆಂದು ಹೇಳಲಾರೆ.

ಐದನೆಯವಳು ಆಳಂದದವಳು. ಮೆಟ್ರಿಕ್ ಮುಗಿಸಿ ಹೊಲಿಗೆ ಕಲಿತಿದ್ದಳು. ಅವಲಕ್ಕಿ ಚೂಡಾದ ತಟ್ಟೆ, ಚಹಾ ತಂದಿಟ್ಟು ಗೋಡೆಗೆ ಆನಿಕೊಂಡು ಕೂತಳು. ಅವ್ವ ಅಡುಗೆ, ಓದು, ಅಣ್ಣತಮ್ಮಂದಿರ ವಿಚಾರ ಮುಗಿಸಿ ಮುಖ್ಯ ಪರೀಕ್ಷೆಗೆ ಬಂದಳು.

"ಆ ಪಿಚ್ಚರ್ ನೋಡೀಯೇನವಾ?"

"ನೋಡೀನ್ರಿ. ಇಲ್ಲೇ ನಮ್ಮೂರ ಟಾಕೀಸಿನ್ಯಾಗ, ಎರಡ ಸಲ."

"ಮತ್ತ ಆ ಸಣ್ಣ ಸೊಸಿ ಗೊಂಚಲ ಯಾಕ ತಿರುಗಿ ಕೊಟ್ಲು, ಹೇಳು ನೋಡೂಣು."

ಹುಡುಗಿ ತಲೆ ಎತ್ತಿದಳು. "ಆಕಿ ಕೊಟ್ಟಿಲ್ಲಲ್ರಿ."

"ಕೊಟ್ಟಿಲ್ಲ?"

"ಇಲ್ರಿ. ಆಕಿ ಮಲಗಿದ್ದಾಗ ಅತ್ತಿನೇ ಸೊಂಟದಾಗಿಂದು ಬಿಚ್ಗೊಂಡ್ಲು. ಯಾಕಂದ್ರ—"

"ಸಾಕ ಬಿಡವಾ," ಎಂದಳು ಅವ್ವ, ಮತ್ತು ಚಹಾ ಅರ್ಧಕ್ಕೆ ಇಟ್ಟಳು.

ನನಗೋ, ಅವಳು "ಕೊಟ್ಟಿಲ್ಲಲ್ರಿ" ಎಂದ ಕ್ಷಣದಲ್ಲೇ ಮನಸ್ಸು ಗಟ್ಟಿಯಾಗಿತ್ತು. ನಾಲ್ಕು ಹೌದುಗಳ ನಂತರ ಬಂದ ಆ ಒಂದು ಇಲ್ಲ ಎಷ್ಟು ತಂಪಾಗಿತ್ತು ಎಂಬುದನ್ನು ಮಾಸ್ತರಿಕೆ ಮಾಡಿದವರೇ ಬಲ್ಲರು. ಆದರೆ ಬಸ್ಸಿನಲ್ಲಿ ಅವ್ವ ತೀರ್ಪು ಕೊಟ್ಟೇಬಿಟ್ಟಳು.

"ಅತ್ತೀನ್ನೇ ಕಳ್ಳಿ ಅನ್ನೋ ಹುಡಗಿ ನಮಗ ಬ್ಯಾಡ."

"ಆಕಿ ಕಳ್ಳಿ ಅಂದಿಲ್ಲವ್ವಾ."

"ಮಲಗಿದ್ದಾಗ ಬಿಚ್ಗೊಂಡ್ರ ಮತ್ತೇನಂತಾರ? ಮಾಸ್ತರ ಇದ್ದೀ, ನೀನ ಹೇಳು."

ಅಪ್ಪ ಕಿಟಕಿಯ ಹೊರಗೆ ಕೊಯ್ದು ಬರಿದಾದ ಜೋಳದ ಹೊಲ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ಅವನಿಗೆ ಜೋಳದ ಮೇಲೆ ಬಹಳ ಪ್ರೀತಿ.

ಮರುದಿನ ಬಿಸಿಲು ಇಳಿದ ಮೇಲೆ ನಾನು ನೇರ ತಂಬಿಗೆ ಹೋದೆ. ಆಪರೇಟರ್ ಬೇವಿನ ಗಿಡದ ಕೆಳಗೆ ಮೆಷಿನ್ನಿನ ಒಂದು ಭಾಗ ಬಿಚ್ಚಿಟ್ಟುಕೊಂಡು ಒರೆಸುತ್ತಿದ್ದ. ಆಳಂದದಲ್ಲಿ ಕಂಡದ್ದು ಇಲ್ಲೇಕೆ ಕಾಣಲಿಲ್ಲ ಎಂದು ಕೇಳಿದೆ. ಅವನು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡ.

"ಎಂಟನೇ ರೀಲು ಹಾಕಿಲ್ರಿ ಮಾಸ್ತರ. ಅತನೂರ ಕಡೀ ಬಸ್ಸು ಒಂಬತ್ತಕ್ಕ ಬಿಡ್ತದ. ಪೂರಾ ಹಾಕಿದ್ರ ಅತನೂರವರು ನಡಬರಕ ಎದ್ದು ಹೋಗ್ತಾರ. ಹೋದವರು ಸುಮ್ನ ಇರ್ತಾರ? ಊರಾಗ ತಮಗ ತಿಳಿದಂಗ ಕೊನಿ ಕಟ್ತಾರ. ಹ್ವಾದ ವರ್ಷ ಒಂದ ಪಿಚ್ಚರ್‌ದಾಗ ಹೀರೋನ್ನ ಸಾಯಿಸಿಬಿಟ್ಟಿದ್ರು. ಮರುದಿನ ಅತನೂರಿಂದ ಒಬ್ಬರೂ ಬರ್ಲಿಲ್ಲ."

"ಅದಕ್ಕ ಎಂಟನೇದೇ ಯಾಕ ತಗದಿ?"

"ಅದರಾಗ ಹಾಡಿಲ್ಲ, ಹೊಡದಾಟ ಇಲ್ಲ. ಬರೇ ಹೆಂಗಸರು ಇರ್ತಾರ."

ಇಡೀ ಊರು ಕಳೆದುಕೊಂಡಿದ್ದ ಸತ್ಯ ಒಂದು ತಗಡಿನ ಡಬ್ಬಿಯಲ್ಲಿ ಸುಖವಾಗಿ ಮಲಗಿತ್ತು. ಈಗ ಡಬ್ಬಿ ಎಲ್ಲಿದೆ ಎಂದು ಕೇಳಿದೆ. ಪೆಟ್ಟಿಗೆಯ ಸಮೇತ ಜೇವರ್ಗಿಗೆ ಹೋಗಿದೆ ಎಂದ.

ಮನೆಗೆ ಬಂದು ಹೇಳಿದರೆ ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. "ತಂಬಿನವನ ಮಾತ ಕೇಳಿ ಸೊಸಿ ತರ್ತೀಯೇನಲೇ?" ಎಂದಳು. ಹೀಗಾಗಿ ಕಣ್ಣಾರೆ ತೋರಿಸುವುದೊಂದೇ ದಾರಿ ಉಳಿಯಿತು. ಜೇವರ್ಗಿಯಲ್ಲಿ ನಮ್ಮ ಅಕ್ಕನ ಮನೆ ಇತ್ತು. ಅಕ್ಕನನ್ನು ನೋಡಿ ಬಹಳ ದಿನ ಆಯಿತು ಎಂದು ನಾನೇ ಮಾತು ತೆಗೆದೆ. ಅವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಹೌದು, ಭಾಳ ದಿನ ಆತು," ಎಂದಳು. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ, ಭೀಮಾ ನದಿ ದಾಟಿ ನಾವಿಬ್ಬರೂ ಜೇವರ್ಗಿ ಮುಟ್ಟಿದೆವು. ದಾರಿಯುದ್ದಕ್ಕೂ ಇಬ್ಬರೂ ಸಿನಿಮಾದ ಹೆಸರು ತೆಗೆಯಲಿಲ್ಲ.

ಜೇವರ್ಗಿಯದು ತಗಡಿನ ಟಾಕೀಸು. ಅಲ್ಲಿ ಮಧ್ಯಾಹ್ನದ ಆಟವೂ ಇತ್ತು. ನಾನು ಮುಂಚೆಯೇ ಹೋಗಿ ಮ್ಯಾನೇಜರನಿಗೆ ಒಂದು ಅರ್ಜಿ ಕೊಟ್ಟೆ. ಸರಕಾರಿ ನೌಕರನಾದ ನನಗೆ ಬೇರೆ ರೀತಿಯಲ್ಲಿ ಕೇಳುವುದು ತಿಳಿದಿರಲಿಲ್ಲ. ವಿಷಯ: ಎಂಟನೆಯ ರೀಲು ತಪ್ಪದೆ ತೋರಿಸುವ ಬಗ್ಗೆ. ಅವನು ಎರಡು ಸಲ ಓದಿದ.

"ಇದರಾಗ ಏನದರಿ ಮಾಸ್ತರ, ಎಂಟನೇದ್ರಾಗ?"

"ನನ್ನ ಲಗ್ನ ಅದ."

"ಹಂಗಾದ್ರ ಕುಂದರ್ರಿ," ಎಂದು ಅರ್ಜಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ. "ನಾವು ಎಲ್ಲಾನೂ ತೋರಸ್ತೇವಿ. ಇದು ಅಫಜಲಪುರ ಅಲ್ಲ."

ಅವ್ವ, ಅಕ್ಕ ಹೆಂಗಸರ ಕಡೆ ಬೆಂಚಿನ ಮೇಲೆ ಕೂತರು. ನಾನು ಈಚೆ ಕಡೆ, ಅವ್ವನ ಮುಖ ಕಾಣುವಂತೆ ಕೂತೆ. ಏಳನೆಯ ರೀಲಿನ ಹೊತ್ತಿಗೆ ಕರೆಂಟು ಹೋಯಿತು. ತಗಡಿನ ಕೆಳಗೆ ಮೇ ತಿಂಗಳ ಬಿಸಿಲು. ಅರ್ಧ ಜನ ಹೊರಗೆ ನೀರು ಕುಡಿಯಲು ಎದ್ದರು. ಅಕ್ಕ ಎದ್ದಳು. ಅವ್ವ ಏಳಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದಳು. ಸತ್ಯ ತನಗೂ ಬೇಕಾಗಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಕರೆಂಟು ಬಂತು. ಎಂಟನೆಯ ರೀಲೂ ಬಂತು. ಕಿರಿಯ ಸೊಸೆಯ ಕೂಸಿಗೆ ಜ್ವರ. ಎರಡು ಮೂರು ದಿನ ಕಣ್ಣು ಮುಚ್ಚದೆ ಕೂತವಳು ಅವತ್ತು ಮಧ್ಯಾಹ್ನ ತೊಟ್ಟಿಲ ಪಕ್ಕದಲ್ಲಿ ಹಾಗೆಯೇ ಒರಗಿ ನಿದ್ದೆ ಹೋಗಿದ್ದಾಳೆ. ಬಾಗಿಲಿಗೆ ಬೀಗರು ಬಂದಿದ್ದಾರೆ. ಉಗ್ರಾಣದ ಕೀಲಿಕೈ ಇವಳ ಸೊಂಟದಲ್ಲಿ. ಎಬ್ಬಿಸಲೆಂದು ಬಂದ ಅತ್ತೆ ನಿಂತು ನೋಡುತ್ತಾಳೆ. ಆಮೇಲೆ ಕೆಳಗೆ ಕೂತು, ಸಪ್ಪಳವಾಗದಂತೆ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ನಿಧಾನವಾಗಿ ಬಿಚ್ಚಿಕೊಂಡು, ತಾನೇ ಅಡುಗೆಗೆ ಹೋಗುತ್ತಾಳೆ. ದಾರಿಯಲ್ಲಿ ಒಂದು ಲೋಟ ಕಷಾಯ ಕುಡಿಯುತ್ತಾಳೆ. ಕೆಮ್ಮಿನ ವಿಷಯವೂ ಅಲ್ಲಿಗೆ ಇತ್ಯರ್ಥವಾಯಿತು.

ಒಂದು ಮಾತಿಲ್ಲ ಆ ರೀಲಿನಲ್ಲಿ. ಅತನೂರಿನ ಬಸ್ಸಿಗಾಗಿ ನಮ್ಮ ಊರು ಕೊಟ್ಟದ್ದು ಇದನ್ನು.

ಟಾಕೀಸಿನಿಂದ ಅಕ್ಕನ ಮನೆಗೆ ನಡೆಯುವಾಗ ಅವ್ವ ಅಕ್ಕನನ್ನು ಮುಂದೆ ಬಿಟ್ಟು ನನ್ನ ಜೊತೆಗೆ ಬಂದಳು.

"ಆ ಹುಡಗಿ 'ಯಾಕಂದ್ರ' ಅಂದಿದ್ಲು," ಎಂದಳು.

"ಹೌದವ್ವಾ."

"ನಾ ಸಾಕ ಬಿಡು ಅಂದೆ."

"ಹೌದು."

"ನೀನರೆ ಹೇಳಬಾರದೇನಲೇ, ಮಾತು ಮುಗಸ್ಲಿ ಅಂತ? ಗೊಂಬಿಹಂಗ ಕುಂತಿದ್ದಿ."

ತಪ್ಪು ನನ್ನದೆಂದು ತೀರ್ಮಾನವಾಯಿತು. ನಾನು ಸಂತೋಷದಿಂದ ಒಪ್ಪಿಕೊಂಡೆ.

ಊರಿಗೆ ಬಂದ ಮೇಲೆ ಕಾಕಿಗೆ ಎಲ್ಲ ವರದಿಯಾಯಿತು. ಅವಳು ಅಕ್ಕಿ ಆರಿಸುತ್ತಲೇ ಕೇಳಿ, "ಅದು ಜೇವರ್ಗಿ ರೀಲು ಬಿಡ್ರಿ," ಎಂದಳು. ಹೆಡ್‌ಮಾಸ್ತರರು ಮಾತ್ರ ಕಷಾಯದ ಸಂಗತಿ ಕೇಳಿ ಎರಡು ದಿನ ಚಹಾದಂಗಡಿಗೆ ಬರಲಿಲ್ಲ. ಮೂರನೆಯ ದಿನ ಬಂದು, ಕಷಾಯ ಕುಡಿದವಳು ಅವಳಿಗಳಲ್ಲಿ ಯಾರು ಎಂಬ ಪ್ರಶ್ನೆ ಎತ್ತಿದರು. ಸತ್ಯ ತಿಳಿದ ಮಾತ್ರಕ್ಕೆ ವಾದ ನಿಲ್ಲಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಅವ್ವನಿಗೆ ಈಗ ಮರ್ಯಾದೆಯ ಪ್ರಶ್ನೆ. ಒಲ್ಲೆನೆಂದು ಎದ್ದು ಬಂದವಳು ಸುಮ್ಮನೆ ಹೇಗೆ ಹೋಗುವುದು? ಇನ್ನೊಂದು ಪ್ರಶ್ನೆ ಕೇಳುವುದು ಉಳಿದಿದೆ ಎಂದು ಹೇಳಿ ಕಳಿಸಿದಳು. ಆಳಂದದವರು ಬರ್ರಿ ಎಂದರು. ಮತ್ತೆ ಅದೇ ಪಡಸಾಲೆ, ಅದೇ ಚೂಡಾ. ಹುಡುಗಿ ಈ ಸಲ ಗೋಡೆಗೆ ಆನದೆ ನೆಟ್ಟಗೆ ಕೂತಿದ್ದಳು. ಜಗಳಕ್ಕೆ ತಯಾರಾಗಿ ಬಂದಂತೆ ಕಂಡಳು.

"ಎಂಟನೇ ರೀಲು ನೋಡಿ ಬಂದೇನಿ," ಎಂದಳು ಅವ್ವ. "ನೀ ಹೇಳಿದ್ದು ಖರೇ ಅದ. ಈಗ ಇಷ್ಟ ಹೇಳು. ಎಚ್ಚರಾದ ಮ್ಯಾಲ ಆ ಸೊಸಿ ಏನಂದ್ಲು?"

"ಅದನ್ನ ತೋರ್ಸಿಲ್ರಿ."

"ತೋರ್ಸಿಲ್ಲ ಅನ್ನೂದು ನನಗೂ ಗೊತ್ತದ. ನೀ ಏನಂತೀ?"

ಹುಡುಗಿ ತನ್ನ ತಾಯಿಯ ಕಡೆ ನೋಡಿದಳು. ತಾಯಿ ತಲೆ ಎತ್ತಿ ಮಾಳಿಗೆಯ ಜಂತಿ ಎಣಿಸುತ್ತಿದ್ದರು. ಮನೆ ಒಡೆಯುವವಳೋ ಅಲ್ಲವೋ ಎಂಬ ಇಡೀ ಖಟ್ಲೆಯ ತೀರ್ಪು ಈಗ ಇವಳ ಬಾಯಲ್ಲಿತ್ತು. ಕಾಲಿಗೆ ಬಿದ್ದಳು, ಅತ್ತಳು ಎಂದು ಏನಾದರೂ ಒಂದು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾ ಆಗಿದ್ರ ಏನೂ ಅಂತಿದ್ದಿಲ್ರಿ," ಎಂದಳು ಅವಳು. "ಗೊಂಚಲ ಅತ್ತಿ ಕೈಯಾಗ ಅದ ಅಂತ ಗೊತ್ತಾಗಿದ್ರ, ಇನ್ನೊಂದಿಷ್ಟು ಮಲಗತಿದ್ದೆ."

ಅವ್ವ ಚಹಾ ಎತ್ತಿಕೊಂಡಳು. ಬಶಿಗೆ ಸುರುವಿಕೊಂಡು, ಊದಿ, ಕೊನೆಯ ಹನಿಯವರೆಗೂ ಕುಡಿದಳು. ಆಮೇಲೆ ಹುಡುಗಿಯ ತಾಯಿಯ ಕಡೆ ತಿರುಗಿದಳು.

"ನಮ್ಮ ಮನ್ಯಾಗ ಮಧ್ಯಾಹ್ನ ಊಟ ಆದ ಮ್ಯಾಲ ಎಲ್ಲಾರೂ ಒಂದ ತಾಸು ಮಲಗತೇವ್ರಿ."

"ನಮ್ಮಲ್ಲೂ ಹಂಗೇ ಅದ್ರಿ," ಎಂದರು ಅವರು, ಜಂತಿಯಿಂದ ಇಳಿದು.

ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಒಳ್ಳೆಯ ದಿನ ಯಾವಾಗ ಅದ ನೋಡೂಣು ಎಂದ. ಹುಡುಗಿ ಖಾಲಿ ಬಶಿಗಳನ್ನು ಒಟ್ಟುಮಾಡಿಕೊಂಡು ಎದ್ದಳು. ಒಳಗೆ ಹೋಗುವ ಮುನ್ನ ನನ್ನನ್ನು ಒಂದು ಸಲ ನೆಟ್ಟಗೆ ನೋಡಿದಳು, ಈ ವಿಷಯದಲ್ಲಿ ನನ್ನದೂ ಏನಾದರೂ ವಾದ ಇದೆಯೇ ಎಂದು ಕೇಳುವವಳಂತೆ. ನನ್ನದು ಯಾವುದೂ ಇರಲಿಲ್ಲ.